ಕರ್ನಾಟಕ ಸಂಗೀತದ ಕಿವಿಗೆ ಜಾಝ್: ಮೊದಲು ಯಾರನ್ನು ಹಿಡಿಯಬೇಕು?

ಹೇಮಾವತಿ_ದಂಡೆ (ಹಾಸನ):

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಾವು ಆರೇಳು ಜನ ವಾರಕ್ಕೊಮ್ಮೆ ಒಟ್ಟಿಗೆ ಕೂತು ಸಂಗೀತ ಕೇಳ್ತೀವಿ. ಸಂಗೀತಗಾರರ ಊರಾದ ರುದ್ರಪಟ್ಟಣ ಪಕ್ಕದ ಅರಕಲಗೂಡು ತಾಲ್ಲೂಕಿನಲ್ಲೇ ಇರೋದರಿಂದ ರಾಗ ಗುರುತಿಸೋದು, ತೊಡೆ ಮೇಲೆ ತಾಳ ಹಾಕೋದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಈಗ ಎಲ್ಲರೂ ಸೇರಿ ಜಾಝ್ ಕಲಿತು ಕೇಳೋಣ ಅಂತ ತೀರ್ಮಾನ ಮಾಡಿದ್ದೀವಿ. ಹಿನ್ನೆಲೆಗೆ ಹಾಕಿಕೊಂಡು ಕಾಫಿ ಕುಡಿಯೋದಕ್ಕಲ್ಲ, ಒಂದು ಕಛೇರಿಗೆ ಕೂತ ಹಾಗೆ ಕೂತು ಕೇಳೋದಕ್ಕೆ.

ಮೈಲ್ಸ್ ಡೇವಿಸ್ ಅವರ 'ಸೋ ವಾಟ್'ನಿಂದ ಶುರು ಮಾಡಿದ್ವಿ. ಮೂರು ತೊಂದರೆ ಕಾಣ್ತಿದೆ:

ಒಂದು, ಚೆನ್ನಾಗಿ ಹೋಗ್ತಾ ಇರುವಾಗ ನಡುವೆ ಎಲ್ಲೋ ಶ್ರುತಿ ಜಾರಿದ ಹಾಗಾಗುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಸರಿಹೋಗುತ್ತೆ. ಯಾಕೆ?

ಎರಡು, ತಾಳ ಹಾಕಿದರೆ ಎಣಿಕೆ ಕೂರುತ್ತೆ, ಆದರೆ ಆ ಸಂಗೀತದ ನಡೆ ಕೈಗೆ ಸಿಗೋದಿಲ್ಲ. ಪಲ್ಲವಿ ಯಾವುದು, ಮನೋಧರ್ಮ (ಆ ಕ್ಷಣಕ್ಕೆ ಹುಟ್ಟಿಸಿ ನುಡಿಸೋದು) ಎಲ್ಲಿಂದ ಶುರು ಅನ್ನೋದೂ ತಿಳಿಯೋದಿಲ್ಲ.

ಮೂರು, ಯಾವ ಕಲಾವಿದರನ್ನು ಯಾವ ಕ್ರಮದಲ್ಲಿ ಕೇಳಬೇಕು? ಅಂತರ್ಜಾಲದ ಪಟ್ಟಿಗಳಲ್ಲಿ ನೂರು ಹೆಸರಿದೆ. ನಮಗೆ ನಾಲ್ಕೈದು ಸಾಕು, ಆದರೆ ಆ ನಾಲ್ಕೈದು ಗಟ್ಟಿಯಾಗಿ ಬೇಕು.

---

ಬಿಳಿ_ಎರಡು (ಚಿಕ್ಕಮಗಳೂರು):

ನಿಮ್ಮ ಕಿವಿ ಸರಿಯಾಗೇ ಇದೆ. ಶ್ರುತಿ ಜಾರಿದ್ದಲ್ಲ, ಅವರೇ ಷಡ್ಜವನ್ನು ಎತ್ತಿ ಪಕ್ಕದ ಮನೆಯಲ್ಲಿ ಇಟ್ಟಿದ್ದಾರೆ. ಕರ್ನಾಟಕ ಸಂಗೀತ ಕೇಳಿದವರು ಜಾಝ್‌ನಲ್ಲಿ ಎಡವೋದು ಹೆಚ್ಚಾಗಿ ಇಲ್ಲೇ. ನಮ್ಮಲ್ಲಿ ತಂಬೂರಿ ಕಛೇರಿ ಮುಗಿಯೋ ತನಕ ಕದಲೋದಿಲ್ಲ. ಅಲ್ಲಿ ಆಧಾರ ಸ್ವರವೇ ಓಡಾಡುತ್ತೆ, ಓಡಾಟಕ್ಕೊಂದು ಲೆಕ್ಕವೂ ಇರುತ್ತೆ. ಆ ಲೆಕ್ಕ ಒಮ್ಮೆ ಕೈಗೆ ಬಂದರೆ ಉಳಿದದ್ದು ನಿಮಗೆ ಬೇರೆಯವರಿಗಿಂತ ಸುಲಭ.

'ಸೋ ವಾಟ್' ಲೆಕ್ಕ ನೋಡಿ. ಒಂದು ಸುತ್ತು 32 ಬಾರ್, ಬಾರ್‌ಗೆ ನಾಲ್ಕು ಎಣಿಕೆ. ಎರಡು ಬಾರ್ ಸೇರಿದರೆ ನಿಮ್ಮ ಆದಿತಾಳದ ಒಂದು ಆವರ್ತನ. ಅಲ್ಲಿಗೆ ಒಂದು ಸುತ್ತಿಗೆ 16 ಆವರ್ತನ. ಇದರಲ್ಲಿ ಮೊದಲ 8 ಆವರ್ತನ ಡಿ, ಅಂದರೆ ಹಾರ್ಮೋನಿಯಂ ಲೆಕ್ಕದ ಬಿಳಿ ಎರಡು. ಮುಂದಿನ 4 ಆವರ್ತನ ಅರ್ಧ ಸ್ವರ ಮೇಲೆ, ಕರಿ ಎರಡು. ಕೊನೆಯ 4 ಮತ್ತೆ ಬಿಳಿ ಎರಡು. ನಿಮಗೆ ಜಾರಿದ ಹಾಗೆ ಕೇಳಿಸೋದು ಆ ನಡುವಿನ ನಾಲ್ಕು ಆವರ್ತನ. ಎರಡೂ ಕಡೆ ಸ್ವರಗಳು ಖರಹರಪ್ರಿಯದವೇ. ಆದರೆ ಖರಹರಪ್ರಿಯ ರಾಗವನ್ನು ಅಲ್ಲಿ ಹುಡುಕಬೇಡಿ. ಗಾಂಧಾರಕ್ಕೆ, ನಿಷಾದಕ್ಕೆ ನಾವು ಕೊಡೋ ಕಂಪಿತ, ಅಂದರೆ ಸ್ವರದ ತೂಗಾಟ, ಅಲ್ಲಿಲ್ಲ. ಮೆಟ್ಟಿಲು ಅದೇ, ಹತ್ತೋ ರೀತಿ ಬೇರೆ.

ಒಂದು ಅಭ್ಯಾಸ ಮಾಡಿ. ಫೋನಿನ ತಂಬೂರಿ ಆ್ಯಪ್ ಅನ್ನು ಡಿ ಶ್ರುತಿಗೆ ಇಟ್ಟು, ತೀರಾ ಸಣ್ಣ ದನಿಯಲ್ಲಿ ಹಾಡಿನ ಜೊತೆ ಬಿಡಿ. 8 ಆವರ್ತನ ಹಾಲು ಸಕ್ಕರೆ ಬೆರೆತ ಹಾಗೆ ಸೇರುತ್ತೆ. ಒಂಬತ್ತನೆಯದಕ್ಕೆ ಕಾಲಿಟ್ಟ ಕೂಡಲೇ ತಂಬೂರಿ ಹಲ್ಲು ಕಡಿದಂತೆ ಕೇಳುತ್ತೆ. ಅಲ್ಲೇ ಷಡ್ಜ ಬದಲಾದದ್ದು. ನಾಲ್ಕೈದು ಸಲ ಹೀಗೆ ಕೇಳಿ ಆಮೇಲೆ ತಂಬೂರಿ ನಿಲ್ಲಿಸಿ. ಮುಂದೆ ಆ ಜಾಗ ಬಂದಾಗ ಬಾಗಿಲು ತೆರೆದ ಹಾಗೆ ಕೇಳಿಸುತ್ತೆ.

ಇದರಲ್ಲಿ ಒಂದು ತೊಡಕಿದೆ. 'ಸೋ ವಾಟ್' ಇರುವ 'ಕೈಂಡ್ ಆಫ್ ಬ್ಲೂ' ಆಲ್ಬಂನ ಧ್ವನಿಮುದ್ರಣ ನಡೆದದ್ದು 1959ರಲ್ಲಿ, ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ನ್ಯೂಯಾರ್ಕಿನಲ್ಲಿ. ಮಾರ್ಚ್ ದಿನದ ಟೇಪ್ ಯಂತ್ರ ಕೊಂಚ ನಿಧಾನ ಓಡಿತ್ತು. ನಿಧಾನ ಓಡಿದ ಟೇಪನ್ನು ಸರಿ ವೇಗದಲ್ಲಿ ನುಡಿಸಿದರೆ ಸ್ವರ ಏರುತ್ತೆ. ಹಾಗಾಗಿ ಹಳೆಯ ಮುದ್ರಣಗಳಲ್ಲಿ 'ಸೋ ವಾಟ್' ಸೇರಿ ಮೊದಲ ಮೂರು ರಚನೆಗಳು ಡಿಗಿಂತ ಒಂದು ಚೂರು ಮೇಲೆ ಇವೆ. 1990ರ ದಶಕದ ಮರುಮುದ್ರಣಗಳಲ್ಲಿ ಇದನ್ನು ಸರಿಪಡಿಸಿದರು. ತಂಬೂರಿ ಮೊದಲ ಆವರ್ತನದಿಂದಲೇ ಕೂರದಿದ್ದರೆ ನಿಮ್ಮ ಹತ್ತಿರ ಇರೋದು ಹಳೆಯ ಮುದ್ರಣದ ಪ್ರತಿ. ತಂಬೂರಿಯನ್ನೇ ಸ್ವಲ್ಪ ಏರಿಸಿಕೊಳ್ಳಿ.

ಇನ್ನು ಮನೋಧರ್ಮದ ಪ್ರಶ್ನೆ. ಮೊದಲ ಅರ್ಧ ನಿಮಿಷ ಪಿಯಾನೊ ಮತ್ತು ಬಾಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ) ತಾಳವಿಲ್ಲದೆ ಮಾತಾಡುತ್ತವೆ, ಆಲಾಪನೆಯ ನೆರಳಿನಂತೆ. ಆಮೇಲೆ ಬಾಸ್ ಒಂದು ಸಾಲು ಕೇಳುತ್ತೆ, ಎರಡೇ ಪೆಟ್ಟಿನಲ್ಲಿ ಉತ್ತರ ಬರುತ್ತೆ. ಮೊದಲು ಉತ್ತರ ಕೊಡೋದು ಪಿಯಾನೊ ಮಾತ್ರ, ಎರಡನೆಯ ಭಾಗದಿಂದ ಊದುವ ವಾದ್ಯಗಳೂ ಸೇರುತ್ತವೆ. ಪಲ್ಲವಿ ಅಂತ ನೀವು ಹುಡುಕ್ತಿರೋದು ಇದನ್ನೇ. ಒಂದು ಸುತ್ತು ಮುಗಿಯೋದು ಸುಮಾರು ಒಂದೂವರೆ ನಿಮಿಷದ ಹತ್ತಿರ. ಅಲ್ಲಿ ಜಿಮ್ಮಿ ಕಾಬ್ ಸಿಂಬಲ್‌ಗೆ ಒಂದು ಪೆಟ್ಟು ಕೊಡ್ತಾರೆ, ಅದು ಹರಡಿ ಆರುವಷ್ಟರಲ್ಲಿ ಮೈಲ್ಸ್ ಅವರ ತುತ್ತೂರಿ ಒಳಗೆ ಬಂದಿರುತ್ತೆ. ಮನೋಧರ್ಮ ಅಲ್ಲಿಂದ. ಮೈಲ್ಸ್ ಎರಡು ಸುತ್ತು, ಜಾನ್ ಕೋಲ್ಟ್ರೇನ್ ಎರಡು, ಕ್ಯಾನನ್‌ಬಾಲ್ ಆಡರ್ಲಿ ಎರಡು, ಬಿಲ್ ಎವನ್ಸ್ ಪಿಯಾನೊದಲ್ಲಿ ಒಂದು. ಸುತ್ತಿಗೆ ಒಂದು ನಿಮಿಷಕ್ಕೆ ತುಸು ಕಡಿಮೆ.

ಸ್ಟೀರಿಯೊ ಪ್ರತಿಯಲ್ಲಿ ಕೋಲ್ಟ್ರೇನ್ ಎಡಗಿವಿಗೆ, ಕ್ಯಾನನ್‌ಬಾಲ್ ಬಲಗಿವಿಗೆ. ಇಬ್ಬರು ಒಂದು ಇಯರ್‌ಫೋನ್ ಹಂಚಿಕೊಂಡು ಕೇಳಬೇಡಿ. ಆಗ ಒಬ್ಬೊಬ್ಬರಿಗೆ ಒಂದೊಂದು ಸ್ಯಾಕ್ಸೊಫೋನ್ ಮಂಕಾಗುತ್ತೆ.

---

ಕೊಪ್ಪದ_ಮದ್ದಳೆ:

ಬಿಳಿ_ಎರಡು ಅವರು ಸ್ವರದ ಲೆಕ್ಕ ಬಿಡಿಸಿದ್ದಾರೆ, ನಾನು ನಡೆ ಹೇಳ್ತೇನೆ ಮಾರಾಯ್ರೆ.

ಆದಿತಾಳದಲ್ಲಿ ಭಾರ ಮೊದಲ ಪೆಟ್ಟಿಗೆ. ಜಾಝ್‌ನಲ್ಲಿ ಡ್ರಮ್ ನುಡಿಸುವವರ ಎಡಗಾಲು ಹೈ-ಹ್ಯಾಟ್ (ಕಾಲಿನಿಂದ ಒತ್ತಿ ಮುಚ್ಚೋ ಜೋಡಿ ಸಿಂಬಲ್) ಮುಚ್ಚೋದು ಎರಡು ಮತ್ತು ನಾಲ್ಕನೇ ಎಣಿಕೆಗೆ. 'ಚಿಕ್' ಅಂತ ಸಣ್ಣ ಶಬ್ದ. ನೀವು ಒಂದಕ್ಕೆ ಪೆಟ್ಟು ಕೊಡ್ತಾ ಕೂತರೆ ಎಣಿಕೆ ತಪ್ಪೋದಿಲ್ಲ, ಆದರೆ ಅವರ ತೂಕ ಒಂದು ಕಡೆ, ನಿಮ್ಮ ತೂಕ ಇನ್ನೊಂದು ಕಡೆ. ನಡೆ ಕೈಗೆ ಸಿಗದೇ ಇರೋದು ಇದಕ್ಕೇ. ತಾಳ ಬಿಡಿ, ಎರಡಕ್ಕೂ ನಾಲ್ಕಕ್ಕೂ ಮಾತ್ರ ಚಿಟಿಕೆ ಹಾಕಿ. ಮೊದಲ ದಿನ ಕೈ ತಾನಾಗಿ ಒಂದಕ್ಕೆ ಓಡುತ್ತೆ, ಹಿಡಿದು ನಿಲ್ಲಿಸಿ.

ಎರಡನೆಯದು ಸ್ವಿಂಗ್. ಒಂದು ಎಣಿಕೆಯನ್ನು ಎರಡು ಅಕ್ಷರ ಮಾಡಿದರೆ ಅವು ಸಮ ಇರೋದಿಲ್ಲ. ತಿಶ್ರದಲ್ಲಿ 'ತಕಿಟ' ಹೇಳಿ, ನಡುವಿನ 'ಕಿ' ನುಂಗಿ. 'ತ–ಟ, ತ–ಟ' ಉಳಿಯುತ್ತಲ್ಲ, ಹೆಚ್ಚು ಕಡಿಮೆ ಅದೇ. ಹೆಚ್ಚು ಕಡಿಮೆ ಅಂದದ್ದು ಬೇಕಂತಲೇ. ವೇಗ ಏರಿದಷ್ಟೂ ಎರಡಕ್ಷರ ಸಮದ ಕಡೆ ವಾಲುತ್ತವೆ, ಒಬ್ಬೊಬ್ಬ ಕಲಾವಿದರದ್ದೂ ಒಂದೊಂದು ಅಳತೆ. ದೊಡ್ಡ ಸಿಂಬಲ್ ಮೇಲೆ ಕೋಲು ಹೇಳೋ ಪಾಠ 'ಡಿಂಗ್, ಡಿಂಗ್–ಅ, ಡಿಂಗ್, ಡಿಂಗ್–ಅ'. ಇದನ್ನು ಬಾಯಲ್ಲಿ ಹೇಳ್ತಾ ಚಿಟಿಕೆ ಹಾಕಲು ಬಂದರೆ ಅರ್ಧ ಜಾಝ್ ಬಂದ ಹಾಗೆ.

ಲಯದ ರುಚಿ ಇರುವ ಗುಂಪಿಗೆ ಡೇವ್ ಬ್ರೂಬೆಕ್ ಅವರ 'ಟೈಮ್ ಔಟ್' ಹಾಕಿ, ಅದೂ 1959ರದ್ದೇ. 'ಟೇಕ್ ಫೈವ್' ಐದು ಎಣಿಕೆ. ಖಂಡ ಚಾಪು ಅಂತ ಹಾಕೋಕೆ ಹೋದರೆ ಸಿಕ್ಕಿಬೀಳ್ತೀರಿ. ನಮ್ಮದು 'ತಕ ತಕಿಟ', ಎರಡು ಮೂರು. ಅವರದ್ದು 'ತಕಿಟ ತಕ', ಮೂರು ಎರಡು. ರಚನೆ ಬ್ರೂಬೆಕ್ ಅವರದ್ದಲ್ಲ, ಆಲ್ಟೊ ಸ್ಯಾಕ್ಸೊಫೋನ್ ನುಡಿಸಿದ ಪಾಲ್ ಡೆಸ್ಮಂಡ್ ಅವರದ್ದು. ಜೋ ಮೊರೆಲ್ಲೊ ಅವರ ಡ್ರಮ್ ತನಿ ಬರುವಾಗ ಪಿಯಾನೊ ಅದೇ ಐದರ ತುಂಡನ್ನು ಬಿಡದೆ ನುಡಿಸುತ್ತಿರುತ್ತೆ. ಅದನ್ನು ಹಿಡಿದು ಎಣಿಸಿದರೆ ತನಿಯಲ್ಲಿ ಅವರು ಎಲ್ಲಿ ಎಣಿಕೆ ದಾಟಿ ನುಡಿಸಿದರು, ಎಲ್ಲಿ ಖಾಲಿ ಬಿಟ್ಟರು ಎಲ್ಲಾ ಕಾಣುತ್ತೆ. ಚಂಡೆ ಮದ್ದಳೆ ಕೇಳಿದವರಿಗೆ ಆ ಖಾಲಿ ಜಾಗವೇ ದೊಡ್ಡ ಸುಖ.

ಅದೇ ತಟ್ಟೆಯಲ್ಲಿ, ಅಂದರೆ ಅದೇ ರೆಕಾರ್ಡಿನಲ್ಲಿ, 'ಬ್ಲೂ ರೊಂಡೊ ಅಲ ಟರ್ಕ್'. ಒಂಬತ್ತರ ಲೆಕ್ಕ, 2+2+2+3. ನಮ್ಮ ಸಂಕೀರ್ಣದ 'ತಕದಿಮಿ ತಕತಕಿಟ' ಬಾಯಲ್ಲಿ ಹೇಳಿ ನೋಡಿ, ಅಚ್ಚಿಗೆ ಅಚ್ಚು ಕೂರುತ್ತೆ. ಮೂರು ಸಲ ಹಾಗೆ ಬಂದು ನಾಲ್ಕನೆಯ ಸಲ 3+3+3, 'ತಕಿಟ ತಕಿಟ ತಕಿಟ' ಆಗುತ್ತೆ. ಕೆಲವರು ಅಲ್ಲಿ ತಾಳ ತಪ್ಪಿತು ಅಂದುಕೊಳ್ತಾರೆ. ಮನೋಧರ್ಮ ಬಂದಾಗ ಒಂಬತ್ತು ಪೂರ್ತಿ ಬಿಟ್ಟು ನಾಲ್ಕರ ಸ್ವಿಂಗಿಗೆ ಇಳಿಯುತ್ತಾರೆ.

ನನ್ನ ಮಟ್ಟಿಗೆ ಹೊಸಬರು 'ಸೋ ವಾಟ್'ಗಿಂತ ಮೊದಲು 12 ಬಾರ್ ಬ್ಲೂಸ್ ಕೇಳಬೇಕು. ಆದಿತಾಳದ ಆರೇ ಆವರ್ತನ. ಮೊದಲ ಎರಡು ಷಡ್ಜದ ಮೇಲೆ, ಮೂರನೆಯದು ಮಧ್ಯಮಕ್ಕೆ, ನಾಲ್ಕನೆಯದು ಷಡ್ಜಕ್ಕೆ ವಾಪಸ್, ಐದನೆಯದು ಪಂಚಮದ ಕಡೆ, ಆರನೆಯದು ಮನೆಗೆ. ಇಷ್ಟು ಹಿಡಿದರೆ 1920ರ ದಶಕದಿಂದ ಇವತ್ತಿನ ತನಕದ ನೂರಾರು ರಚನೆಗಳಿಗೆ ಅದೇ ಕೀಲಿಕೈ.

---

ಹೇಮಾವತಿ_ದಂಡೆ (ಹಾಸನ):

ಇಬ್ಬರಿಗೂ ತುಂಬಾ ಧನ್ಯವಾದ. ತಂಬೂರಿ ಪ್ರಯೋಗ ಮಾಡಿದ್ವಿ, ಒಂಬತ್ತನೇ ಆವರ್ತನದಲ್ಲಿ ಎಲ್ಲರೂ ಒಟ್ಟಿಗೆ ತಲೆ ಎತ್ತಿದ್ವಿ!

ಇನ್ನೆರಡು ಪ್ರಶ್ನೆ. ಬ್ಲೂಸ್‌ಗೆ ಯಾವ ಒಂದು ಧ್ವನಿಮುದ್ರಣ? ಮತ್ತೆ, ಬ್ಲೂಟೂತ್ ಡಬ್ಬಿಯಲ್ಲಿ ಬಾಸ್ ಕೇಳಿಸೋದೇ ಇಲ್ಲ. ಗುಂಪಿನಲ್ಲಿ ಒಬ್ಬರ ಮನೇಲಿ ಹಳೆಯ ರೆಕಾರ್ಡುಗಳೂ, ಅಮೆರಿಕದಿಂದ ಬಂದ ಒಂದು ರೆಕಾರ್ಡ್ ಪ್ಲೇಯರೂ ಇದೆ. ರೆಕಾರ್ಡಿಗೆ ಬೂಷ್ಟು ಹಿಡಿದಿದೆ, ಪ್ಲೇಯರ್ ನಿಧಾನ ಓಡುತ್ತೆ.

---

ಗಿರಿ_ತಟ್ಟೆ (ಮೂಡಿಗೆರೆ):

ಪ್ಲೇಯರ್ ವಿಷಯ ಮೊದಲು. ಅಮೆರಿಕದ ಕರೆಂಟ್ 60 ಹರ್ಟ್ಸ್, ನಮ್ಮದು 50. ಹಳೆಯ ಯಂತ್ರಗಳ ಮೋಟಾರು ಬಹಳಷ್ಟು ಈ ಹರ್ಟ್ಸ್ ನೋಡಿಯೇ ತಿರುಗೋದು. ನಿಮಿಷಕ್ಕೆ 33⅓ ಸುತ್ತು ಹಾಕಬೇಕಾದದ್ದು ಇಲ್ಲಿ ಸುಮಾರು 27.8ಕ್ಕೆ ಇಳಿಯುತ್ತೆ. ಶ್ರುತಿ ಮೂರು ಅರ್ಧಸ್ವರಕ್ಕಿಂತ ತುಸು ಹೆಚ್ಚೇ ಕೆಳಗೆ. 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಮಾತ್ರ ಇಳಿಯುತ್ತೆ, ಹರ್ಟ್ಸ್ ಬದಲಾಗೋದಿಲ್ಲ. ಅದೇ ಮಾದರಿಯ 50 ಹರ್ಟ್ಸ್ ಪುಲ್ಲಿ ಸಿಕ್ಕಿದರೆ ಮೋಟಾರಿನ ಮೂತಿಗೆ ಹಾಕಿಸಿ. ಸಿಗದಿದ್ದರೆ ಡಿಸಿ ಮೋಟಾರಿನ ಬೇರೆ ಪ್ಲೇಯರ್ ನೋಡೋದೇ ದಾರಿ. ಬೆಲ್ಟ್ ಸಡಿಲ ಅಂತ ಬೆಲ್ಟ್ ಬದಲಾಯಿಸಿ ದುಡ್ಡು ಕಳೆಯಬೇಡಿ. ಸಡಿಲ ಬೆಲ್ಟಿನ ವೇಗ ಏರಿಳಿಯುತ್ತೆ. ನಿಮ್ಮದು ಒಂದೇ ಸಮ ನಿಧಾನ ಇದ್ದರೆ ಕಾರಣ ಹರ್ಟ್ಸ್.

ಬೂಷ್ಟು ಒರೆಸೋ ಮುಂಚೆ ರೆಕಾರ್ಡ್ ಯಾವುದು ಅಂತ ನೋಡಿ. 78ರ ವೇಗದ ಹಳೆಯ ಗಟ್ಟಿ ತಟ್ಟೆಗಳಲ್ಲಿ ಅರಗು ಇರುತ್ತೆ. ಅದಕ್ಕೆ ಸ್ಪಿರಿಟ್ ಅಥವಾ ಆಲ್ಕೊಹಾಲ್ ತಾಕಿಸಿದರೆ ಮೇಲ್ಮೈ ಕರಗಿ ಹಾಳಾಗುತ್ತೆ. ಎಲ್‌ಪಿಗಳಿಗೂ ನೀರಿನಿಂದಲೇ ಶುರು ಮಾಡಿ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕೈದು ಹನಿ, ಅದಕ್ಕಿಂತ ಹೆಚ್ಚು ಬೇಡ. ಮೃದು ಬಟ್ಟೆಯಿಂದ ಗೆರೆಯ ದಿಕ್ಕಿನಲ್ಲೇ ಸುತ್ತಿಸಿ ಒರೆಸಿ, ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ. ನಲ್ಲಿ ನೀರು, ಬೋರ್‌ವೆಲ್ ನೀರು ಬಳಸಿದರೆ ಅದರ ಉಪ್ಪು ಗೆರೆಯಲ್ಲಿ ಕೂತು ಮುಳ್ಳು ಹೋದಲ್ಲೆಲ್ಲ ಚಟಪಟ ಅನ್ನುತ್ತೆ. ನಡುವಿನ ಲೇಬಲ್ ನೆನೆಯಬಾರದು. ಕೆಲಸ ಮನೆ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿ. ಹಳೆಯ ಒಳಚೀಲ ಬಿಸಾಡಿ. ಬೂಷ್ಟಿನ ಬೀಜ ಆ ಕಾಗದದಲ್ಲೇ ಇರುತ್ತೆ, ತೊಳೆದ ತಟ್ಟೆ ಅದರೊಳಗೆ ಹೋದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಪಾಡು.

ಮಲೆನಾಡಿನ ಕಡೆ ರೆಕಾರ್ಡನ್ನು ಕಬ್ಬಿಣದ ಟ್ರಂಕಿನಲ್ಲಿ, ಅಟ್ಟದ ಮೇಲೆ, ಹೊರಗೋಡೆಗೆ ಒತ್ತಿ ಇಡೋದು ಬೇಡ. ನೆಟ್ಟಗೆ ನಿಲ್ಲಿಸಿ. ಮಲಗಿಸಿ ಒಂದರ ಮೇಲೊಂದು ಪೇರಿಸಿದರೆ ಬಾಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರುವಿನಲ್ಲಿ ಸಿಲಿಕಾ ಜೆಲ್ ಇಡಿ, ಬಣ್ಣ ತಿರುಗಿದಾಗ ಒಣಗಿಸಿ ಮತ್ತೆ ಬಳಸಿ.

ಬಾಸ್ ಕೇಳಿಸದೇ ಇರೋದಕ್ಕೆ ನೇರ ಕಾರಣ ಇದೆ. ಡಬಲ್ ಬಾಸ್‌ನ ತಗ್ಗಿನ ತಂತಿ ಸುಮಾರು 41 ಹರ್ಟ್ಸ್. ಅಂಗೈ ಅಗಲದ ಸ್ಪೀಕರ್ ಅಷ್ಟು ಕೆಳಗೆ ಇಳಿಯೋದೇ ಇಲ್ಲ. ಜಾಝ್‌ನಲ್ಲಿ ಬಾಸ್ ಹೋದರೆ ಷಡ್ಜ ಎಲ್ಲಿ ಅಂತ ಹೇಳೋ ಬಾಯಿಯೇ ಹೋದ ಹಾಗೆ. ಸಾಧಾರಣ ತಂತಿಯ ಹೆಡ್‌ಫೋನ್ ಕೂಡ ಇದಕ್ಕಿಂತ ಮೇಲು. ಆ್ಯಪ್‌ನಲ್ಲಿ ಬಾಸ್ ಬೂಸ್ಟ್ ಹಾಕಬೇಡಿ, ದನಿ ಉಬ್ಬುತ್ತೆ, ಸ್ವರ ಸ್ಪಷ್ಟ ಆಗೋದಿಲ್ಲ. ಶಫಲ್ ಮತ್ತು ಕ್ರಾಸ್‌ಫೇಡ್ ಎರಡೂ ಬಂದ್ ಮಾಡಿ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗೋದರಿಂದ ಮೊದಲೇ ಇಳಿಸಿಕೊಂಡಿರಿ. 320 ಕೆಬಿಪಿಎಸ್‌ನಲ್ಲಿ ಮುಕ್ಕಾಲು ಗಂಟೆಯ ಆಲ್ಬಂಗೆ ಹತ್ತಿರ ಹತ್ತಿರ 110 ಎಂಬಿ.

ಬ್ಲೂಸ್‌ಗೆ ಒಂದೇ ಒಂದು ಅಂದರೆ ಲೂಯಿ ಆರ್ಮ್‌ಸ್ಟ್ರಾಂಗ್ ಅವರ 'ವೆಸ್ಟ್ ಎಂಡ್ ಬ್ಲೂಸ್', 1928ರ ಜೂನ್ 28, ಶಿಕಾಗೊ. ಮೂರು ನಿಮಿಷ ಚಿಲ್ಲರೆ. 78ರ ತಟ್ಟೆಯ ಒಂದು ಬದಿಗೆ ಅಷ್ಟೇ ಹಿಡಿಯುತ್ತಿತ್ತು. ಮೊದಲ ಹನ್ನೆರಡು ಸೆಕೆಂಡು ತುತ್ತೂರಿ ಒಂಟಿಯಾಗಿ, ತಾಳದ ಹಂಗಿಲ್ಲದೆ ಮೇಲೇರಿ ಇಳಿಯುತ್ತೆ. ಆಮೇಲೆ ಕೊಪ್ಪದವರು ಹೇಳಿದ ಆರು ಆವರ್ತನದ ಸುತ್ತು, ಐದು ಸಲ. ಒಂದನೆಯದು ತುತ್ತೂರಿ, ಎರಡನೆಯದು ಟ್ರಾಂಬೋನ್. ಮೂರನೆಯದರಲ್ಲಿ ಕ್ಲಾರಿನೆಟ್ ಒಂದು ಮಾತು ಹೇಳಿದರೆ ಆರ್ಮ್‌ಸ್ಟ್ರಾಂಗ್ ಸಾಹಿತ್ಯವಿಲ್ಲದೆ ಕೊರಳಿನಲ್ಲೇ ಉತ್ತರ ಕೊಡ್ತಾರೆ. ನಾಲ್ಕನೆಯದು ಅರ್ಲ್ ಹೈನ್ಸ್ ಪಿಯಾನೊ. ಐದನೆಯದಕ್ಕೆ ಬರುವಾಗ ಆರ್ಮ್‌ಸ್ಟ್ರಾಂಗ್ ತಾರದಲ್ಲಿ ಒಂದೇ ಸ್ವರ ಹಿಡಿದು ಹತ್ತಿರ ಹತ್ತಿರ ಎರಡು ಆವರ್ತನ ನಿಲ್ತಾರೆ. ಕೆಳಗೆ ತಾಳ ನಡೀತಾ ಇರುತ್ತೆ, ಮೇಲೆ ಆ ಸ್ವರ ಕದಲೋದಿಲ್ಲ. ಚಟಪಟ ಸದ್ದಿಗೆ ಹೆದರಿ ಇದನ್ನು ಬಿಡಬೇಡಿ. ಎರಡನೇ ಸಲಕ್ಕೆ ಕಿವಿ ಆ ಸದ್ದನ್ನು ತಾನೇ ತಳ್ಳಿಹಾಕುತ್ತೆ.

---

ಆಲ್ಟೊ_ಶ್ರುತಿ (ಬೇಲೂರು):

ಇಲ್ಲಿ ಯಾರೂ ನಮ್ಮ ಕಡೆಯ ದಾರಿ ಹೇಳಿಲ್ಲ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಆಲ್ಟೊ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು. ಅವರೂ ಅಮೆರಿಕದ ರುದ್ರೇಶ್ ಮಹಂತಪ್ಪ ಅವರೂ ಸೇರಿ ಮಾಡಿದ 'ಕಿನ್ಸ್‌ಮೆನ್' 2008ರಲ್ಲಿ ಬಂತು. ಒಂದೇ ವಾದ್ಯ, ಇಬ್ಬರು, ಎರಡು ಪದ್ಧತಿ. ಸ್ವರದಿಂದ ಸ್ವರಕ್ಕೆ ಜಾರುತ್ತಾ ಹೋಗೋದು ಯಾರು, ಸ್ವರ ಬಿಡಿಬಿಡಿಯಾಗಿ ಕತ್ತರಿಸಿ ಆಧಾರ ಬದಲಿಸೋದು ಯಾರು ಅಂತ ಗುರುತಿಸುತ್ತಾ ಹೋಗಿ, ಎರಡು ಪದ್ಧತಿಯ ವ್ಯತ್ಯಾಸ ಅದರಲ್ಲೇ ತಿಳಿಯುತ್ತೆ. ಇನ್ನೂ ಹಿಂದಿನದು ಬೇಕಾದರೆ ಚಾರ್ಲಿ ಮರಿಯಾನೊ ಅವರ 'ಜ್ಯೋತಿ', 1983. ಜೊತೆಗೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಹಾಡಿದವರು ರಮಾಮಣಿಯವರು.

---

ಬಿಳಿ_ಎರಡು (ಚಿಕ್ಕಮಗಳೂರು):

ಎರಡೂ ಬಹಳ ಒಳ್ಳೆಯ ತಟ್ಟೆಗಳು. ಆದರೆ ಅಲ್ಲಿಂದ ಶುರು ಮಾಡೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಅದರಲ್ಲಿ ನಮ್ಮ ಕಿವಿ ತನಗೆ ಗೊತ್ತಿರೋದನ್ನೇ ಆರಿಸಿಕೊಂಡು ಸುಮ್ಮನಾಗಿಬಿಡುತ್ತೆ, ಜಾಝ್‌ನ ಸ್ವಂತ ವ್ಯಾಕರಣ ಹೊರಗೇ ಉಳಿಯುತ್ತೆ. ಮೂರು ತಿಂಗಳಾದ ಮೇಲೆ ಕೇಳಿ, ಆಗ ಎರಡೂ ಬದಿ ಕಾಣುತ್ತೆ.

ಹೇಮಾವತಿಯವರೇ, ಕ್ರಮ ಕೇಳಿದ್ದಿರಿ. ಹೊಸ ಹೆಸರು ಹುಡುಕಬೇಡಿ, ಕೇಳಿದ ತಟ್ಟೆಯಲ್ಲಿ ನುಡಿಸಿದವರ ಬೆನ್ನು ಹತ್ತಿ. 'ಕೈಂಡ್ ಆಫ್ ಬ್ಲೂ'ನ ಪಿಯಾನೊ ಹಿಡಿಸಿದರೆ ಬಿಲ್ ಎವನ್ಸ್ ಅವರ ಮೂವರ ತಂಡ, 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ನುಡಿಸಿದ್ದು. ಅಲ್ಲಿ ಸ್ಕಾಟ್ ಲಫಾರೊ ಅವರ ಬಾಸ್ ಪಕ್ಕವಾದ್ಯವಾಗಿ ಹಿಂದೆ ನಡೆಯೋದಿಲ್ಲ, ಪಿಯಾನೊಗೆ ಸಮನಾಗಿ ಎದುರು ಮಾತಾಡುತ್ತೆ. ಹನ್ನೊಂದು ದಿನಕ್ಕೆ ಅವರು ಕಾರು ಅಪಘಾತದಲ್ಲಿ ತೀರಿಹೋದರು. ಕೋಲ್ಟ್ರೇನ್ ಹಿಡಿಸಿದರೆ ಮೊದಲು 1960ರಲ್ಲಿ ಮುದ್ರಿಸಿದ 'ಮೈ ಫೇವರಿಟ್ ಥಿಂಗ್ಸ್'. ಅದರಲ್ಲಿ ಆಧಾರ ಬಹಳ ಹೊತ್ತು ಕದಲೋದಿಲ್ಲ, ತಂಬೂರಿ ಕಿವಿಗೆ ಒಗ್ಗುತ್ತೆ. ಆಮೇಲೆ 1964ರ ಡಿಸೆಂಬರಿನಲ್ಲಿ ಮುದ್ರಿಸಿದ 'ಎ ಲವ್ ಸುಪ್ರೀಮ್', ನಾಲ್ಕು ಭಾಗವನ್ನೂ ಎದ್ದುಹೋಗದೆ. 1965ರ 'ಅಸೆನ್ಷನ್' ಈಗಲೇ ಬೇಡ. ಹನ್ನೊಂದು ಜನ ಒಟ್ಟಿಗೆ ಬಿಡುಬೀಸಾಗಿ ನುಡಿಸಿದ್ದು, ಹೊಸ ಗುಂಪು ಅಲ್ಲಿಗೆ ಜಾಝ್ ಬಿಟ್ಟುಬಿಡುವ ಸಾಧ್ಯತೆ ಹೆಚ್ಚು. ಹಾಡುಗಾರಿಕೆ ಬೇಕಾದರೆ ಬಿಲ್ಲಿ ಹಾಲಿಡೇ. ತಾಳದ ಪೆಟ್ಟು ಬಿದ್ದ ಮೇಲೆ ಸಾಲು ಬರುತ್ತೆ, ನಮ್ಮ ಅನಾಗತದ ನೆನಪಾಗುತ್ತೆ. ಅದನ್ನು ತಾಳ ಹಾಕಿಕೊಂಡೇ ಕೇಳಿ.

---

ಹೇಮಾವತಿ_ದಂಡೆ (ಹಾಸನ):

ಇವತ್ತು ಹೆಡ್‌ಫೋನಿನಲ್ಲಿ ಕೇಳಿದ್ವಿ, ಬಾಸ್ ಸಿಕ್ತು. ಆದರೆ 'ಸೋ ವಾಟ್'ನಲ್ಲಿ ಎರಡನೇ ಸುತ್ತಿಗೆ ಎಲ್ಲರ ಎಣಿಕೆಯೂ ತಪ್ಪುತ್ತೆ. ಮೊದಲ ಸುತ್ತು ಸರಿ ಇರುತ್ತೆ.

---

ಬಿಳಿ_ಎರಡು (ಚಿಕ್ಕಮಗಳೂರು):

ನೀವು ಸುತ್ತಿನ ತಲೆಯಿಂದ ಎಣಿಸ್ತಿದ್ದೀರಿ. ಒಂದು ಸುತ್ತಿನ ಕೊನೆಯ 4 ಆವರ್ತನ ಡಿ, ಮುಂದಿನ ಸುತ್ತಿನ ಮೊದಲ 8 ಕೂಡ ಡಿ. ಒಟ್ಟು 12 ಆವರ್ತನ ಹೊಲಿಗೆಯೇ ಕಾಣದ ಬಟ್ಟೆ, ಸುತ್ತು ಬದಲಾದದ್ದು ಸ್ವರದಲ್ಲಿ ತಿಳಿಯೋದಿಲ್ಲ. ತಲೆ ಮರೆತುಬಿಡಿ, ಕರಿ ಎರಡನ್ನು ಗುರುತು ಮಾಡಿಕೊಳ್ಳಿ. ಅದು ಮುಗಿದು ಕೆಳಗಿಳಿದ ಕ್ಷಣಕ್ಕೆ ಒಂದು ಅಂತ ಶುರು ಮಾಡಿ 12 ಎಣಿಸಿ, ಹದಿಮೂರಕ್ಕೆ ಬಾಸ್ ಮತ್ತೆ ಮೇಲೇರಿರುತ್ತೆ. ಬಾಯಲ್ಲಿ ಎಣಿಸಬೇಡಿ, ಬೆರಳ ಗೆಣ್ಣಿನಲ್ಲಿ ಎಣಿಸಿ. ನಾಲ್ಕು ಬೆರಳಿಗೆ ಮೂರು ಮೂರು ಗೆಣ್ಣು, ಸರಿಯಾಗಿ ಹನ್ನೆರಡು. ಕಿರುಬೆರಳಿನ ಕೊನೆ ಗೆಣ್ಣಿಗೆ ಬಂದಾಗ ಪಾಲ್ ಚೇಂಬರ್ಸ್ ಅವರ ಬಾಸ್ ಕಡೆ ಕಿವಿ ಇಡಿ.